ಒರೆ ಹೊಲಿದವರು

ಬಸವಣ್ಣನವರು ತಮ್ಮ ವಚನಗಳಲ್ಲಿ ಅತ್ಯಾದರದಿಂದ ಸ್ಮರಿಸಿದ ಮಾದಾರ ಚೆನ್ನಯ್ಯನು ತನ್ನ ವಚನಗಳ ಅಂಕಿತದಲ್ಲಿ ಇಷ್ಟದೈವದ ನಾಮದೊಡನೆ ತನ್ನ ಕಸುಬಿನ ಮೂರು ಉಪಕರಣಗಳನ್ನೂ ಹೆಸರಿಸಿದ್ದಾನೆ: ಹೊಲಿಗೆಯ ರಂಧ್ರವನ್ನು ಕೊರೆಯುವ ಕೈಯುಳಿ, ತೊಗಲನ್ನು ಸೀಳುವ ಕತ್ತಿ, ಆ ತೊಗಲನ್ನು ಇಟ್ಟು ಕುಯ್ಯುವ ಮರದ ಅಡಿಗೂಂಟ. ಚಮ್ಮಾವುಗೆಯಿರಲಿ, ಕುದುರೆಯ ಹಲ್ಲಣವಿರಲಿ, ಕತ್ತಿಯ ಒರೆಯಿರಲಿ, ಕಾಲಾಂತರದಲ್ಲಿ ಬಂದ ಪಿಸ್ತೂಲಿನ ಚೀಲವೇ ಇರಲಿ, ಇವೆಲ್ಲವೂ ನಮ್ಮ ನಾಡಿನಲ್ಲಿ ಈ ಮೂರರಿಂದಲೇ ಜನಿಸಿದುವು. ಖಡ್ಗಗಳ ಮಹಿಮೆಯನ್ನು ಹಾಡುವ ಶಾಸನಗಳು ಅಸಂಖ್ಯವಾಗಿವೆ. ಆ ಖಡ್ಗಗಳಿಗೆ ಹೊದಿಕೆ ಹೊಲಿದ ಕೈಗಳ ವಿಷಯದಲ್ಲಿ ಶಾಸನಗಳು ಬಹುಮಟ್ಟಿಗೆ ಮೌನವಾಗಿರುವುದರಿಂದ, ವಚನಕಾರನೊಬ್ಬನು ತನ್ನ ಉಳಿಯನ್ನು ದೇವರ ಹೆಸರಿನ ಪಕ್ಕದಲ್ಲಿ ಇಟ್ಟುದನ್ನು ನಾನು ಈ ಕಸುಬಿನ ಪ್ರಥಮ ದಾಖಲೆಯೆಂದೇ ಭಾವಿಸುತ್ತೇನೆ.

ಕಲ್ಯಾಣದ ವಿಪ್ಲವದ ತರುವಾಯ ಶರಣರು ಚೆನ್ನಬಸವಣ್ಣನವರೊಡನೆ ಉತ್ತರ ಕನ್ನಡದ ಉಳವಿಯ ಕಡೆಗೆ ಬರುತ್ತಿದ್ದಾಗ, ಬೆನ್ನಟ್ಟಿ ಬಂದ ಸೈನ್ಯವನ್ನು ಹಿಂದೆ ನಿಂತು ತಡೆದು ಕಾದಿದವರಲ್ಲಿ ಚರ್ಮ ಹದಮಾಡುವ ಡೋಹರ ಕುಲದ ಕಕ್ಕಯ್ಯನೂ ಒಬ್ಬನೆಂದೂ, ಖಾನಾಪುರದ ಸೀಮೆಯ ಕಕ್ಕೇರಿಯಲ್ಲಿ ಅವನು ಐಕ್ಯನಾದನೆಂದೂ ಪರಂಪರೆ ಹೇಳುತ್ತದೆ. ತೊಗಲು ಹದಮಾಡುವ ಕೈಯೇ ಖಡ್ಗವನ್ನು ಹಿಡಿದ ಈ ವೃತ್ತಾಂತವು ನಮ್ಮ ಜಿಲ್ಲೆಯ ಗಡಿಯ ಸಮೀಪದಲ್ಲೇ ಜರುಗಿತೆಂಬುದನ್ನು ನಾವು ಸಾಕಷ್ಟು ನೆನೆದಿಲ್ಲ.

ಮೊದಲ ಸಲ ಒರೆಯೊಂದನ್ನು ಹೊಲಿಯಹೊರಟವನಿಗೆ ತೊಗಲಿನ ಸ್ವಭಾವವೇ ಮೊದಲ ಪಾಠ. ಮರದ ತೊಗಟೆಯಿಂದಲೋ ಕಾಯಿಯಿಂದಲೋ ಹದಗೊಂಡ ದಪ್ಪ ತೊಗಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ಅದು ಒತ್ತಿದಲ್ಲಿ ಬಾಗುವಷ್ಟು ಮೆತ್ತಗಾಗುತ್ತದೆ. ಎಣ್ಣೆ ಸವರಿ ಬಟ್ಟೆ ಸುತ್ತಿದ ಆಯುಧದ ಮೇಲೆ ಅದನ್ನು ಹೊದಿಸಿ, ನುಣ್ಣಗೆ ತೀಡಿದ ಕೊಂಬಿನ ತುಂಡಿನಿಂದ ಏರುತಗ್ಗುಗಳಿಗೆಲ್ಲ ಒತ್ತಿ ಒತ್ತಿ ಕೂರಿಸಿ, ಬಿಸಿಲಿಗಿಡದೆ ನೆರಳಿನಲ್ಲಿಯೇ ಆರಬಿಟ್ಟರೆ, ಆರಿದ ಮೇಲೆ ಆಯುಧವನ್ನು ತೆಗೆದರೂ ಅದರ ಆಕಾರವನ್ನು ತೊಗಲು ಬಿಟ್ಟುಕೊಡುವುದಿಲ್ಲ. ಆಮೇಲೆ ಹೊಲಿಗೆ. ಅಂಚಿನಿಂದ ಸಮದೂರದಲ್ಲಿ ಗೆರೆಯೆಳೆದು, ಕೈಯುಳಿಯಿಂದ ಒಂದೇ ಓರೆಯಲ್ಲಿ ರಂಧ್ರಗಳನ್ನು ಕೊರೆದು, ಜೇನುಮೇಣ ಉಜ್ಜಿದ ಒಂದೇ ನೂಲಿನ ಎರಡು ತುದಿಗಳಿಗೂ ಸೂಜಿ ಪೋಣಿಸಿ, ಪ್ರತಿಯೊಂದು ರಂಧ್ರದಲ್ಲೂ ಎರಡು ಸೂಜಿಗಳನ್ನು ಎದುರುಬದುರಾಗಿ ತೂರಿಸಿ ಬಿಗಿಯಬೇಕು. ಯಂತ್ರದ ಹೊಲಿಗೆಯಲ್ಲಿ ಒಂದೆಡೆ ನೂಲು ಕಡಿದರೆ ಸಾಲೇ ಬಿಚ್ಚಿಕೊಳ್ಳಬಹುದು, ಈ ಹೊಲಿಗೆಯಲ್ಲಾದರೋ ಒಂದು ಎಳೆ ಸವೆದು ಹೋದರೂ ಇನ್ನೊಂದು ಹಿಡಿದು ನಿಲ್ಲುತ್ತದೆ. ಕತ್ತಿಯ ಒರೆಯಾದರೆ ಎರಡು ಪದರಗಳ ನಡುವೆ, ಹೊಲಿಗೆಯ ಒಳಮಗ್ಗುಲಲ್ಲಿ, ತೊಗಲಿನದೇ ಒಂದು ಪಟ್ಟಿಯನ್ನು ಸೇರಿಸಬೇಕು. ಇಲ್ಲವಾದಲ್ಲಿ ಅಲಗು ಒಳಗೆ ಸರಿದಾಗಲೆಲ್ಲ ತನ್ನನ್ನು ಕಾಯುವ ನೂಲನ್ನೇ ಕುಯ್ಯುತ್ತದೆ. ಹೊಸಬರು ಮರೆಯುವುದು ಬಹುಮಟ್ಟಿಗೆ ಈ ಪಟ್ಟಿಯನ್ನೇ.

ಒರೆಗೆ ಒದಗುವ ಇಂಥ ತೊಗಲಿನ ಹದಕ್ಕೆ ಬೇಕಾದ ವಸ್ತುಗಳಲ್ಲಿ ಒಂದು ಮುಖ್ಯ ಭಾಗವು ಘಟ್ಟದ ಕಾಡುಗಳದು. ಬಯಲುಸೀಮೆಯ ಚರ್ಮಕಾರರಿಗೆ ತಂಗಡಿಯ ತೊಗಟೆ, ಕರಿಜಾಲಿಯ ತೊಗಟೆಗಳು ಮನೆಯ ಬಳಿಯಲ್ಲೇ ಲಭ್ಯವಿದ್ದುವು. ಅಳಲೆಕಾಯಿಯಾದರೋ ಕಾಡಿನಿಂದ ಬರತಕ್ಕದ್ದು. 16ನೆಯ ಶತಮಾನದ ಆದಿಯಲ್ಲಿ ಈ ಕರಾವಳಿಯನ್ನು ವರ್ಣಿಸಿದ ಪೋರ್ಚುಗೀಸ ಡುವಾರ್ತೆ ಬಾರ್ಬೋಸನು, ಭಟ್ಕಳದಿಂದ ಹಡಗೇರುವ ಅಕ್ಕಿ, ಸಕ್ಕರೆ, ಕಬ್ಬಿಣಗಳ ಸಾಲಿನಲ್ಲಿ ಅಳಲೆಕಾಯಿಯನ್ನೂ ಎಣಿಸಿದ್ದಾನೆ. ಆಗ ಅದು ಔಷಧವಾಗಿ ಹೊರದೇಶಗಳಿಗೆ ಹೋಗುತ್ತಿತ್ತು. ಮುಂದೆ ಬ್ರಿಟಿಷರ ಕಾಲದಲ್ಲಿ ಚರ್ಮ ಹದಮಾಡುವ ಸಾಮಗ್ರಿಯಾಗಿಯೇ ಹೋಗತೊಡಗಿತು. 1800–1801ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾದಿಗರು ಆಡುಕುರಿಗಳ ತೊಗಲನ್ನು ಎಕ್ಕದ ಹಾಲು, ಉಪ್ಪು, ರಾಗಿಯ ಹಿಟ್ಟುಗಳ ಲೇಪದಿಂದ ಕೂದಲು ಕಳಚಿ ಅಳಲೆಕಾಯಿಯ ನೀರಿನಲ್ಲಿ ನೆನೆಸುತ್ತಿದ್ದ ಕ್ರಮವನ್ನು ಸಾವಧಾನವಾಗಿ ಬರೆದಿಟ್ಟಿದ್ದಾನೆ. ಅದೇ ಪ್ರವಾಸದಲ್ಲಿ ಭಟ್ಕಳ, ಹೊನ್ನಾವರಗಳಿಗೂ ಬಂದ ಅವನು, ಘಟ್ಟದ ಮೇಲಿನ ಕೈಗೆಲಸವನ್ನೂ ಘಟ್ಟದ ಕೆಳಗಿನ ಬಂದರುಗಳನ್ನೂ ಒಂದೇ ಗ್ರಂಥದಲ್ಲಿ ದಾಖಲಿಸಿದ್ದಾನೆ.

ಭಟ್ಕಳಕ್ಕೆ ಹತ್ತಿದ ಜಾಲಿಯ ಕಡಲ ಮುಂದೆ ಹಾದು ಬಂದ ಹಡಗುಗಳಲ್ಲಿ ಒಂದು ಕಾಲಕ್ಕೆ ಅರಬ್ಬಿ ಕುದುರೆಗಳಿದ್ದುವು. ವಿಜಯನಗರದ ಅಶ್ವಬಲಕ್ಕೆ ಭಟ್ಕಳವೇ ಒಂದು ಪ್ರಧಾನ ಬಾಗಿಲು. 1502ರಲ್ಲಿ ವಾಸ್ಕೋ ಡ ಗಾಮನು ಆ ಊರಿನ ಮೇಲೆರಗಿ ಅಕ್ಕಿಯ ಕಪ್ಪವನ್ನು ಹೇರಿದ ಮೇಲೆಯೂ, 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಗಿ ಕುದುರೆಯ ವ್ಯಾಪಾರವು ಕ್ರಮೇಣ ಅತ್ತ ಸೆಳೆಯಲ್ಪಡುವವರೆಗೂ, ಇಲ್ಲಿಳಿದ ಕುದುರೆಗಳು ಘಟ್ಟವನ್ನು ಹತ್ತುತ್ತಿದ್ದುವು. ಕುದುರೆಯೊಂದಿಗೆ ಹಲ್ಲಣ, ಕಡಿವಾಣ, ಪಟ್ಟಿಗಳೆಂದು ಬಹಳಷ್ಟು ತೊಗಲಿನ ಕೆಲಸವಿರುತ್ತದೆ. ಪಿಸ್ತೂಲಿನ ಒರೆಯ ಪೂರ್ವಜನೂ ಹಲ್ಲಣವೇ: 17ನೆಯ ಶತಮಾನದ ಐರೋಪ್ಯ ರಾವುತರು ತಮ್ಮ ಜೋಡಿ ಪಿಸ್ತೂಲುಗಳನ್ನು ಹಲ್ಲಣದ ಮುಂಭಾಗದ ಇಕ್ಕೆಲಗಳಲ್ಲಿ ತೂಗಹಾಕಿದ ತೊಗಲು ಕೊಳವೆಗಳಲ್ಲಿ ಇಡುತ್ತಿದ್ದರು, 1836ರಲ್ಲಿ ಅಮೆರಿಕೆಯ ಸ್ಯಾಮ್ಯುಯೆಲ್ ಕೋಲ್ಟನು ಸುತ್ತುವ ಗುಂಡುಮನೆಯ ಪಿಸ್ತೂಲಿಗೆ ಹಕ್ಕುಪತ್ರ ಪಡೆದ ನಂತರವೇ ಒರೆಯು ಹಲ್ಲಣದಿಂದಿಳಿದು ಸವಾರನ ಸೊಂಟಕ್ಕೆ ಬರತೊಡಗಿದುದು.

ಮೈಸೂರಿನ ಹೈದರ್, ಟೀಪೂ ಸುಲ್ತಾನರ ರಾಕೆಟ್ಟುಗಳ ಖ್ಯಾತಿಯು ಲೋಕವಿದಿತ. ಕಬ್ಬಿಣದ ಕೊಳವೆಯನ್ನು ಬಿದಿರಿಗೆ ಬಿಗಿದದ್ದು ತೊಗಲಿನ ಪಟ್ಟಿಯಿಂದ. ಹಸಿಯಾಗಿದ್ದಾಗ ಸುತ್ತಿದ ತೊಗಲು ಒಣಗುತ್ತ ಕುಗ್ಗುವುದರಿಂದ ಅದರ ಹಿಡಿತಕ್ಕೆ ಸರಿಸಾಟಿಯಾದ ಹಗ್ಗವಿಲ್ಲ. ಕಬ್ಬಿಣದ ಗುಣವನ್ನು ಹೊಗಳಿದವರು ಆ ಪಟ್ಟಿಯನ್ನು ಸೀಳಿದವನನ್ನು ಕೇಳಲಿಲ್ಲ.

ಇಷ್ಟಾದರೂ ಕರಾವಳಿಯ ರೈತನ ಕತ್ತಿಗೆ ತೊಗಲಿನ ಒರೆ ಒಗ್ಗಲಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರನ್ನೂ ಮೀರಿ ಮಳೆ ಸುರಿಯುವ ಈ ನೆಲದಲ್ಲಿ ತೊಗಲು ತೇವವನ್ನು ಹೀರಿ ಬೂಸಲು ಹಿಡಿಯುತ್ತದೆ. ಅದರೊಳಗಿನ ಒಗರು ಒದ್ದೆ ಕಬ್ಬಿಣವನ್ನು ಸೋಂಕಿದೊಡನೆ ಎರಡೂ ಕಪ್ಪಾಗುತ್ತವೆ. ಅಳಲೆಕಾಯಿಗೆ ಅನ್ನಭೇದಿ ಬೆರಸಿ ಬರೆಯುವ ಮಸಿಯನ್ನು ಕಾಯಿಸುತ್ತಿದ್ದ ನಮ್ಮ ಹಿರಿಯರಿಗೆ ಈ ಕಾರಣವು ತಿಳಿಯದ್ದೇನಲ್ಲ. ಆದ್ದರಿಂದಲೇ ಇಲ್ಲಿ ತೋಟಕ್ಕೆ ಹೋಗುವವನು ಸೊಂಟದ ಹಿಂದೆ ಕೊಕ್ಕೆ ಕಟ್ಟಿ ಕತ್ತಿಯನ್ನು ಬರಿದಾಗಿಯೇ ಸಿಕ್ಕಿಸಿಕೊಳ್ಳುತ್ತಾನೆ. ಮಳೆಯ ನಾಡಾದ ಕೊಡಗಿನಲ್ಲಿಯೂ ಒಡಿಕತ್ತಿಯು ಬೆನ್ನಿನ ಮೇಲೆ ತೋಡಂಗ್ ಎಂಬ ಲೋಹದ ಕೊಂಡಿಯಲ್ಲಿ ಒರೆಯಿಲ್ಲದೆ ನಿಲ್ಲುತ್ತದೆ. ಘಟ್ಟದ ಕಾಡಿನಲ್ಲಿ ಬೆಳೆದ ಅಳಲೆಕಾಯಿ, ಕಡಲಿನ ತಾರ್ಲೆ ಮೀನಿನಿಂದ ತೆಗೆದು ಚರ್ಮವನ್ನು ಮೃದುಗೊಳಿಸಲು ಬಳಸುತ್ತಿದ್ದ ಎಣ್ಣೆ, ಇವೆರಡೂ ಹೊರಗಿನ ಚರ್ಮದ ಉದ್ಯಮಗಳನ್ನು ಪೋಷಿಸಿದುವು; ಅವುಗಳ ಫಲವಾದ ಒರೆಯನ್ನು ಮಾತ್ರ ಕರಾವಳಿಯ ಮಳೆ ಸಹಿಸಲಿಲ್ಲ.

ಕುಮಟೆಯ ಬಂದರಿಗೆ ಧಾರವಾಡದ ಸೀಮೆಯಿಂದ ಹತ್ತಿ ಇಳಿದು ಬರುತ್ತಿದ್ದ ಕಾಲದಲ್ಲಿ, ಮುಖ್ಯವಾಗಿ 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧವು ಆ ಹತ್ತಿಗೆ ಹೊನ್ನಿನ ಬೆಲೆ ತಂದಾಗ, ಘಟ್ಟದ ದಾರಿಯಲ್ಲಿ ಸಾಲುಗಟ್ಟಿದ ಎತ್ತುಗಳಿಗೆಲ್ಲ ಮಿಣಿ, ಕೊರಳಪಟ್ಟಿಗಳು ಬೇಕಾಗಿದ್ದುವು. 1888ರ ಸುಮಾರಿಗೆ ರೈಲು ಮರ್ಮಗೋವೆಯನ್ನು ಮುಟ್ಟಿದ ಮೇಲೆ ಗಾಡಿಗಳು ವಿರಳವಾದುವು. 20ನೆಯ ಶತಮಾನದ ಆದಿಯಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಮದರಾಸಿನಲ್ಲಿ ಬಳಕೆಗೆ ತಂದ ಕ್ರೋಮ್ ಹದವು, ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು ದಿನಗಳಿಗೆ ಇಳಿಸಿತು. ಅದು ಪಾದರಕ್ಷೆಯ ಮೇಲ್ಭಾಗಕ್ಕೆ ಉತ್ತಮವೇ ಸರಿ; ಆದರೆ ನೀರಿನಲ್ಲಿ ನೆನೆಸಿ ಆಕಾರ ಕೊಡಹೋದರೆ ಒಣಗಿದ ಮೇಲೆ ಪುನಃ ಸಡಿಲಗೊಳ್ಳುವ ಗುಣವುಳ್ಳದ್ದರಿಂದ ಒರೆಗೆ ಹೊಂದುವುದಿಲ್ಲ.

ಈ ವಿದ್ಯೆಯನ್ನು ತಲೆಮಾರುಗಳಿಂದ ಕಾಪಾಡಿದ ಸಮಗಾರ, ಡೋಹರ, ಮಾದಿಗ ಕುಲದವರನ್ನು ಊರಿನ ಹೊರಗಿರಿಸಿ, ಅವರು ಹದಮಾಡಿದ ತೊಗಲನ್ನು ಮಾತ್ರ ಊರೊಳಗೆ ಮದ್ದಳೆಯಾಗಿಯೂ ಮಿಣಿಯಾಗಿಯೂ ಬಳಸಿಕೊಂಡ ಸಮಾಜವು ಮಾಡಿದ್ದು ಅನ್ಯಾಯವೆಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ತಂದುಕೊಂಡುದಕ್ಕೆ ಬಿಜ್ಜಳನ ಆಳ್ವಿಕೆಯಲ್ಲಿ ಇಬ್ಬರು ತಂದೆಯರೂ ಪ್ರಾಣ ತೆತ್ತರು. ಸಂವಿಧಾನವು ಅಸ್ಪೃಶ್ಯತೆಯನ್ನು ನಿಷೇಧಿಸಿದ್ದು 1950ರಲ್ಲಿ. ಕರ್ನಾಟಕದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮವು ಸ್ಥಾಪಿತವಾದದ್ದು 1976ರಲ್ಲಿ. ಅಥಣಿ, ನಿಪ್ಪಾಣಿಗಳ ಕುಶಲಿಗಳು ಸಸ್ಯದ ಹದದ ತೊಗಲಿನಲ್ಲಿ ಚಪ್ಪಲಿ ಮಾಡುವುದನ್ನು ಇನ್ನೂ ಬಿಟ್ಟಿಲ್ಲ. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಸೂಚಕ ಮಾನ್ಯತೆಯು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳಿಗೂ ದೊರೆತಿದೆ.

ಇಂದು ಜಾಲಿಯಲ್ಲೋ ಹೊನ್ನಾವರದಲ್ಲೋ ಕುಳಿತು ತನ್ನ ಮೊದಲ ಒರೆಯನ್ನು ಹೊಲಿಯಬಯಸುವ ತರುಣನು ತೊಗಲಿಗಾಗಿ ಘಟ್ಟದ ಮೇಲಕ್ಕೆ, ಆ ಕುಶಲಿಗಳ ಬಳಿಗೆ, ಹೋಗಬೇಕಾದೀತು. ಅವನು ಕೇಳಬೇಕಾದದ್ದು ಕ್ರೋಮ್ ಅಲ್ಲ, ತೊಗಟೆಯ ಹದದ ದಪ್ಪ ತೊಗಲು. ಹೊಲಿದು ಮುಗಿದ ಮೇಲೆ, ಮೃಗಶಿರೆಯಿಂದ ಹಸ್ತದ ಮಳೆಯವರೆಗೆ, ಅಲಗಿಗೆ ಎಣ್ಣೆ ಸವರಿ ಒರೆಯಿಂದ ಹೊರಗೇ ಇಡಬೇಕು.