ಹಳಿ ಕಿತ್ತ ಮೇಲೂ ಉಳಿಯುವ ದಾರಿ

ಒಂದು ರೈಲು ಮಾರ್ಗ ಮುಚ್ಚಿದಾಗ ಮೊದಲು ಹೋಗುವುದು ಹಳಿ, ಆಮೇಲೆ ಸ್ಲೀಪರು, ಅದರ ಹಿಂದೆಯೇ ಸೇತುವೆಯ ಕಬ್ಬಿಣ. ಗುಜರಿಯಲ್ಲಿ ಬೆಲೆ ಬರುವುದೆಲ್ಲ ಹೋದ ಮೇಲೆ ಉಳಿಯುವುದು ಜಲ್ಲಿ ಹಾಸಿದ ಒಂದು ಮಣ್ಣಿನ ಏರಿ. ನೋಡಿದವರ ಕಣ್ಣಿಗೆ ಅದು ಪಾಳು ಜಾಗ. ಆದರೆ ಅದನ್ನು ಕಟ್ಟಿದ ಕಾಲದಲ್ಲಿ ಗುಡ್ಡ ಕಡಿದು, ತಗ್ಗು ತುಂಬಿ, ಬೆಟ್ಟ ಕೊರೆದು ಇಡೀ ಪ್ರದೇಶವನ್ನೇ ಮಟ್ಟ ಮಾಡಿದ್ದರು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಬೇಗ ಜಾರುತ್ತದೆ. ಆದ್ದರಿಂದ ನೂರು ಅಡಿ ಹೋದರೆ ಒಂದೋ ಎರಡೋ ಅಡಿ ಮಾತ್ರ ಏರುವಂತೆ ದಾರಿ ಹಾಕುವುದು ಎಂಜಿನಿಯರುಗಳಿಗೆ ಅನಿವಾರ್ಯವಾಗಿತ್ತು. ಅಷ್ಟು ಸಣ್ಣ ಏರನ್ನು ಮಕ್ಕಳೂ ಮುದುಕರೂ ಸೈಕಲ್ಲಿನಿಂದ ಇಳಿಯದೆ ಹತ್ತಬಲ್ಲರು. ಈ ಹಾದಿಗಳ ಬಗ್ಗೆ ಬರೆಯುವವರೆಲ್ಲ ಹೊಗಳುವುದು ಈ ಗುಣವನ್ನೇ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಸಂಗತಿ: ಹತ್ತಾರು ಊರು, ಸಾವಿರಾರು ಹೊಲಗಳ ನಡುವೆ ಹಾದುಹೋಗುವ ಅಷ್ಟುದ್ದದ ನೆಲ ಒಂದೇ ಕೈಯಲ್ಲಿ, ಎಲ್ಲೂ ಕಡಿಯದ ಪಟ್ಟಿಯಾಗಿ ಇರುವುದು. ಅಂಥ ಪಟ್ಟಿಯನ್ನು ಇವತ್ತು ಹೊಸದಾಗಿ ಕೊಳ್ಳಲು ಹೊರಟರೆ ಯಾವ ಸರ್ಕಾರಕ್ಕೂ ದಶಕಗಳು ಬೇಕು. ಹಳೆಯ ರೈಲುದಾರಿ, ಕಾಲುವೆದಂಡೆಗಳನ್ನು ಸೈಕಲ್ ಹಾದಿ ಮಾಡಿದ ಸುಮಾರು ತೊಂಬತ್ತು ವರ್ಷಗಳ ಚರಿತ್ರೆಯನ್ನು ಡಾಂಬರು ಹಾಕಿದ ಚರಿತ್ರೆಯಾಗಿ ಓದಿದರೆ ಅದರ ತಿರುಳು ಸಿಗುವುದಿಲ್ಲ. ಆ ಪಟ್ಟಿ ಹರಿಯದಂತೆ ಹಿಡಿದಿಟ್ಟುಕೊಳ್ಳುವುದನ್ನು ಸಮಾಜಗಳು ಹೇಗೆ ಕಲಿತವು, ಎಲ್ಲಿ ಕಲಿಯಲಿಲ್ಲ ಎಂದು ಕೇಳಬೇಕು.

ಆರಂಭದಲ್ಲಿ ಎಲ್ಲವೂ ಆಕಸ್ಮಿಕ. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ 1904ರಲ್ಲಿ ತೆರೆದ ಲೀಕ್–ಮ್ಯಾನಿಫೋಲ್ಡ್ ಎಂಬ ನ್ಯಾರೋಗೇಜ್ ಮಾರ್ಗ ಮೂವತ್ತು ವರ್ಷಕ್ಕೇ ಮುಚ್ಚಿತು. ರೈಲು ಕಂಪನಿ ಆ ಜಾಗವನ್ನು ಕೌಂಟಿ ಆಡಳಿತಕ್ಕೆ ಬಿಟ್ಟುಕೊಟ್ಟಿತು, 1937ರಲ್ಲಿ ಅದು ಜನರ ಓಡಾಟಕ್ಕೆ ತೆರೆಯಿತು. ಇದರ ಹಿಂದೆ ನೀತಿಯೂ ಇರಲಿಲ್ಲ, ಚಳವಳಿಯೂ ಇರಲಿಲ್ಲ. ಅಮೆರಿಕದಲ್ಲಿ ಇದು ಜನರ ಬೇಡಿಕೆಯಾಗಿ ರೂಪ ಪಡೆದದ್ದು 1963ರಲ್ಲಿ. ಷಿಕಾಗೋ ಬಳಿಯ ವಿದ್ಯುತ್ ರೈಲುಮಾರ್ಗವೊಂದು ನಿಂತು ಕೆಲವು ವರ್ಷಗಳಾಗಿದ್ದವು. ಅದನ್ನು ನಡಿಗೆಯ ಮತ್ತು ಸೈಕಲ್ಲಿನ ಹಾದಿಯಾಗಿ ಉಳಿಸಿಕೊಳ್ಳಬೇಕೆಂದು ಮೇ ಥೀಲ್‌ಗಾರ್ಡ್ ವಾಟ್ಸ್ ಎಂಬ ನಿಸರ್ಗ ಲೇಖಕಿ ‘ಷಿಕಾಗೋ ಟ್ರಿಬ್ಯೂನ್’ಗೆ ಪತ್ರ ಬರೆದರು. ಆಕೆಗೆ ಆಗ ಎಪ್ಪತ್ತು ವರ್ಷ. ಆ ಪತ್ರದಿಂದ ಹುಟ್ಟಿದ ಇಲಿನಾಯ್ ಪ್ರೇರಿ ಪಾತ್ ಇವತ್ತು ನೂರು ಕಿಲೋಮೀಟರಿನಷ್ಟಿದೆ. ನೆರೆಯ ವಿಸ್ಕಾನ್ಸಿನ್ ರಾಜ್ಯ 1965ರಲ್ಲಿ ಎಲ್ರಾಯ್–ಸ್ಪಾರ್ಟಾ ಮಾರ್ಗದ ಸುಮಾರು 51 ಕಿ.ಮೀ. ನೆಲವನ್ನು ಇಡಿಯಾಗಿ ಕೊಂಡಿತು. ಅಲ್ಲಿ ಮೂರು ಸುರಂಗಗಳಿವೆ. ದೊಡ್ಡದರ ಉದ್ದ 3,810 ಅಡಿ. ಸುರಂಗಗಳ ಬಾಯಿಗೆ ಭಾರಿ ಮರದ ಬಾಗಿಲುಗಳು. ಚಳಿಗಾಲದಲ್ಲಿ ಕಲ್ಲಿನ ಸಂದಿಗೆ ಇಳಿದ ನೀರು ಹೆಪ್ಪುಗಟ್ಟಿ ಗೋಡೆ ಸೀಳದಿರಲೆಂದು ರೈಲಿನ ಕಾಲದಲ್ಲಿ ಕಾವಲುಗಾರ ಪ್ರತಿ ಗಾಡಿಗೂ ಅವನ್ನು ತೆರೆದು ಮುಚ್ಚುತ್ತಿದ್ದ. ಈಗ ಒಳಗೆ ದೀಪವಿಲ್ಲ, ಮೇಲಿನಿಂದ ನೀರು ತೊಟ್ಟಿಕ್ಕುತ್ತದೆ, ಸವಾರರು ಸೈಕಲ್ಲಿನಿಂದಿಳಿದು ಟಾರ್ಚ್ ಹಿಡಿದು ತಳ್ಳಿಕೊಂಡು ಹೋಗಬೇಕು. ಇಡೀ ಮಾರ್ಗವನ್ನು ಒಟ್ಟಿಗೆ ಕೊಂಡದ್ದರಿಂದಲೇ ಆ ಸುರಂಗಗಳು ಉಳಿದವು. ಸುರಂಗದ ಎರಡು ತುದಿ ಇಬ್ಬರ ಪಾಲಾಗಿದ್ದರೆ ಅದರಿಂದ ಯಾರಿಗೂ ಉಪಯೋಗವಿರುತ್ತಿರಲಿಲ್ಲ.

ಅದೇ 1963ರಲ್ಲಿ ಬ್ರಿಟನ್ ತದ್ವಿರುದ್ಧ ದಿಕ್ಕಿಗೆ ಹೊರಟಿತು. ರಿಚರ್ಡ್ ಬೀಚಿಂಗ್ ವರದಿ ಸುಮಾರು 8,000 ಕಿ.ಮೀ. ಮಾರ್ಗವನ್ನೂ 2,363 ನಿಲ್ದಾಣಗಳನ್ನೂ ಮುಚ್ಚಲು ಹೇಳಿತು. ವರದಿಯ ತಪ್ಪು ಒಪ್ಪುಗಳ ಚರ್ಚೆ ಇನ್ನೂ ಮುಗಿದಿಲ್ಲ, ಅದು ಇಲ್ಲಿ ಬೇಡ. ಮಾರ್ಗ ಮುಚ್ಚಿದ ನಂತರದ ನಡವಳಿಕೆ ಮಾತ್ರ ನನ್ನ ದೃಷ್ಟಿಯಲ್ಲಿ ಕ್ಷಮಿಸಲಾಗದ್ದು. ನೆಲವನ್ನು ತುಂಡು ತುಂಡಾಗಿ ಅಕ್ಕಪಕ್ಕದ ರೈತರಿಗೂ ಕಟ್ಟಡದವರಿಗೂ ಮಾರಿದರು, ಸೇತುವೆಗಳನ್ನು ಇಳಿಸಿದರು. 1970ರಲ್ಲಿ ಭೂಗೋಳ ತಜ್ಞ ಜೆ. ಎಚ್. ಆಪಲ್ಟನ್ ಗ್ರಾಮೀಣ ಆಯೋಗಕ್ಕಾಗಿ ಈ ಪಾಳು ಮಾರ್ಗಗಳ ಬಗ್ಗೆ ವರದಿ ಕೊಡುವ ಹೊತ್ತಿಗೆ ಬಹಳಷ್ಟು ಕೈಬಿಟ್ಟು ಹೋಗಿತ್ತು. ಉಳಿದದ್ದರಲ್ಲಿ ಮಾದರಿಯಾದದ್ದು ಬ್ರಿಸ್ಟಲ್–ಬಾತ್ ನಡುವಿನ ಸುಮಾರು 21 ಕಿ.ಮೀ. ಹಾದಿ. 1977ರಲ್ಲಿ ಸೈಕಲ್‌ಬ್ಯಾಗ್ ಎಂಬ ಗುಂಪು ಕಟ್ಟಿಕೊಂಡವರು 1979ರಿಂದ 1986ರವರೆಗೆ ಸ್ವಯಂಸೇವಕರ ನೆರವಿನಿಂದ ಜಲ್ಲಿ ಹರವಿ, ಮುಳ್ಳುಪೊದೆ ಕಡಿದು ಅದನ್ನು ಕಟ್ಟಿದರು. ಜಾನ್ ಗ್ರಿಮ್‌ಷಾ ಮುಂದಾಳತ್ವದ ಆ ಗುಂಪೇ ಮುಂದೆ ಸಸ್ಟ್ರಾನ್ಸ್ ಆಯಿತು. 1995ರಲ್ಲಿ ಲಾಟರಿ ನಿಧಿಯ ನೆರವು ಪಡೆದು ರಾಷ್ಟ್ರೀಯ ಸೈಕಲ್ ಜಾಲ ಕಟ್ಟಲು ಹೊರಟಿತು. ಆ ಜಾಲದಲ್ಲಿ ಹಳೆಯ ಹಳಿದಾರಿಯ ಪಾಲು ಚಿಕ್ಕದು, ಹೆಚ್ಚಿನದು ಮೋಟಾರು ರಸ್ತೆಯ ಮೇಲೇ ಹೋಗುತ್ತದೆ. ಅರುವತ್ತರ ದಶಕದಲ್ಲಿ ಮಾರಿದ್ದರ ಬೆಲೆಯನ್ನು ತೊಂಬತ್ತರ ದಶಕದ ಸವಾರರು ಲಾರಿಗಳ ಪಕ್ಕದಲ್ಲಿ ತುಳಿಯುತ್ತ ತೆತ್ತರು.

ಅಮೆರಿಕ ಇದನ್ನು ಕಾನೂನಿನ ಮೂಲಕ ತಡೆಯಲು ನೋಡಿತು. 1980ರ ಸ್ಟ್ಯಾಗರ್ಸ್ ಕಾಯ್ದೆಯ ನಂತರ ನಷ್ಟದ ಮಾರ್ಗಗಳನ್ನು ಕೈಬಿಡುವುದು ರೈಲು ಕಂಪನಿಗಳಿಗೆ ಸುಲಭವಾಗಿತ್ತು. ಅದಕ್ಕೆ ಉತ್ತರವಾಗಿ 1983ರಲ್ಲಿ ರಾಷ್ಟ್ರೀಯ ಹಾದಿಗಳ ಕಾಯ್ದೆಗೆ ಒಂದು ತಿದ್ದುಪಡಿ ಬಂತು. ನಿಂತ ಮಾರ್ಗವನ್ನು ಸಂಸ್ಥೆಯೊಂದು ಹಾದಿಯಾಗಿ ವಹಿಸಿಕೊಂಡರೆ ಅದನ್ನು ‘ಕೈಬಿಟ್ಟದ್ದು’ ಎಂದು ಎಣಿಸುವಂತಿಲ್ಲ. ಮುಂದೆಂದಾದರೂ ರೈಲಿಗೆ ಬೇಕಾದೀತೆಂದು ಕಾದಿರಿಸಿದ ನೆಲ ಅದು. ಇದಕ್ಕೆ ರೈಲ್‌ಬ್ಯಾಂಕಿಂಗ್ ಎಂದು ಹೆಸರು. 1986ರಲ್ಲಿ ಹುಟ್ಟಿದ ರೈಲ್ಸ್ ಟು ಟ್ರೈಲ್ಸ್ ಕನ್ಸರ್ವೆನ್ಸಿ ಈ ಕಲಮನ್ನೇ ಆಧಾರವಾಗಿ ಹಿಡಿದು ಮಾರ್ಗ ಮುಚ್ಚುವ ಅರ್ಜಿಗಳ ಬೆನ್ನು ಹತ್ತಿತು. ಮಿಸೌರಿಯ ಸುಮಾರು 385 ಕಿ.ಮೀ. ಉದ್ದದ ಕೇಟಿ ಹಾದಿ ಉಳಿದದ್ದು ಹೀಗೆ. ಇವತ್ತು ಆ ದೇಶದಲ್ಲಿ ಇಂಥ ಹಾದಿಗಳ ಒಟ್ಟು ಉದ್ದ 40,000 ಕಿ.ಮೀ. ದಾಟಿದೆ.

ಇದಕ್ಕೆ ಬಂದ ಆಕ್ಷೇಪ ಹಗುರವಾದದ್ದಲ್ಲ. ಎಷ್ಟೋ ಕಡೆ ರೈಲು ಕಂಪನಿಗೆ ನೆಲದ ಒಡೆತನ ಇರಲಿಲ್ಲ, ಹಳಿ ಹಾಕಿ ಓಡಿಸುವ ಹಕ್ಕು ಮಾತ್ರ ಇತ್ತು. ರೈಲು ನಿಂತರೆ ನೆಲ ನಮ್ಮದು ಎಂದು ಪಕ್ಕದ ಜಮೀನುದಾರರು ನಂಬಿದ್ದರು, ಅವರ ತಾತಂದಿರು ಬರೆದುಕೊಟ್ಟ ಪತ್ರವೂ ಹಾಗೇ ಹೇಳುತ್ತಿತ್ತು. ವರ್ಮಾಂಟಿನ ಪ್ರೀಸೋ ಪ್ರಕರಣದಲ್ಲಿ 1990ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು, ಜಮೀನುದಾರರು ಪರಿಹಾರ ಕೇಳುವ ಬಾಗಿಲನ್ನೂ ತೆರೆದಿಟ್ಟಿತು. ಸರ್ಕಾರ ಅಂದಿನಿಂದ ಪರಿಹಾರ ಕೊಡುತ್ತ ಬಂದಿದೆ. ಕೊಡಲೇಬೇಕು. ಸಾರ್ವಜನಿಕ ಹಾದಿ ಒಳ್ಳೆಯದೆಂಬ ಕಾರಣಕ್ಕೆ ಒಬ್ಬ ರೈತನ ಹಕ್ಕು ಪುಕ್ಕಟೆ ಆಗುವುದಿಲ್ಲ. ಆದರೆ ಪರಿಹಾರದ ಹಕ್ಕು ಬೇರೆ, ಪಟ್ಟಿಯನ್ನು ತುಂಡರಿಸುವ ಹಕ್ಕು ಬೇರೆ. ಐರ್ಲೆಂಡಿನಲ್ಲಿ ಇನ್ನೊಂದು ದಾರಿ ಹಿಡಿದರು. 1937ರಲ್ಲಿ ಮುಚ್ಚಿ ರೈತರ ಕೈಸೇರಿದ್ದ ವೆಸ್ಟ್‌ಪೋರ್ಟ್–ಆಕಿಲ್ ಮಾರ್ಗವನ್ನು ಮಾಲೀಕರ ಒಪ್ಪಿಗೆಯ ಮೇಲೆಯೇ 42 ಕಿ.ಮೀ. ಹಾದಿಯಾಗಿಸಿದರು. ನೆಲ ಅವರದೇ, ಓಡಾಟಕ್ಕೆ ಅನುಮತಿ ಮಾತ್ರ. ಊರಿನ ಒಳಿತಿಗೆಂದು ಒಪ್ಪಿದ ಆ ರೈತರ ದೊಡ್ಡತನಕ್ಕೆ ತಲೆಬಾಗಬೇಕು. ಆದರೂ ಅನುಮತಿ ಕೊಟ್ಟವರ ಮಕ್ಕಳು ಅದನ್ನು ಹಿಂತೆಗೆದುಕೊಳ್ಳಬಹುದು. ಎಷ್ಟೇ ಸೊಗಸಾದ ಹಾದಿಗೂ ಅದು ಗಟ್ಟಿ ತಳಪಾಯವಲ್ಲ.

ಕಾಲುವೆಗಳ ಕಥೆ ಈ ವಾದಕ್ಕೆ ಇನ್ನೊಂದು ಕಡೆಯಿಂದ ಬಲ ಕೊಡುತ್ತದೆ. ದೋಣಿಗಳನ್ನು ಕುದುರೆ ಎಳೆಯುತ್ತಿದ್ದ ಕಾಲದಲ್ಲಿ ಕಾಲುವೆಯ ದಂಡೆಯುದ್ದಕ್ಕೂ ಅದು ನಡೆಯಲೊಂದು ದಾರಿ ಬೇಕಿತ್ತು. ಬ್ರಿಟನ್ನಿನ ಹಳೆಯ ಕಾಲುವೆ ಸೇತುವೆಗಳ ಕೆಳಗೆ ನಿಂತು ನೋಡಿದರೆ ಕಮಾನಿನ ಅಂಚಿನ ಕಲ್ಲಿಗೂ ಅದಕ್ಕೆ ಹೊದಿಸಿದ ಕಬ್ಬಿಣದ ಪಟ್ಟಿಗೂ ಬೆರಳು ತೂರುವಷ್ಟು ಆಳದ ಗೀರುಗಳಿವೆ. ಮರಳು ಮೆತ್ತಿದ ಒದ್ದೆ ಹಗ್ಗ ದಶಕಗಟ್ಟಲೆ ಉಜ್ಜಿ ಕೊರೆದ ಗೀರುಗಳವು. ದೋಣಿ ವ್ಯಾಪಾರ ಸತ್ತ ಮೇಲೂ ಈ ದಂಡೆಗಳು ರೈಲುದಾರಿಗಳಂತೆ ಚೂರಾಗಲಿಲ್ಲ. ಕಾರಣ ಸರಳ: ನೀರನ್ನು ತುಂಡು ಮಾಡಿ ಮಾರಲಾಗುವುದಿಲ್ಲ. ಮಧ್ಯದಲ್ಲೆಲ್ಲೋ ಒಡ್ಡು ಹಾಕಿದರೆ ಇನ್ನೆಲ್ಲೋ ಊರು ಮುಳುಗುತ್ತದೆ, ಆದ್ದರಿಂದ ದೋಣಿ ಬರಲಿ ಬಿಡಲಿ, ಕಾಲುವೆಗೆ ಒಬ್ಬ ಯಜಮಾನ ಇರಲೇಬೇಕು. ಐರ್ಲೆಂಡಿನ ರಾಯಲ್ ಕೆನಾಲ್ 1961ರಲ್ಲಿ ಮುಚ್ಚಿದರೂ ಸ್ವಯಂಸೇವಕರು ಅದನ್ನು ಎಬ್ಬಿಸಲು ಸಾಧ್ಯವಾಯಿತು. 2010ರಲ್ಲಿ ದೋಣಿ ಮರಳಿದವು, 2021ರಲ್ಲಿ ದಂಡೆಯ ಮೇಲೆ 130 ಕಿ.ಮೀ. ಸೈಕಲ್ ಹಾದಿ ತೆರೆಯಿತು. ಅಮೆರಿಕದ ಚೆಸಪೀಕ್–ಒಹಾಯೋ ಕಾಲುವೆ 1924ರ ನೆರೆಯ ನಂತರ ನಿಂತಿತ್ತು. ಅದರ ಮೇಲೆ ಮೋಟಾರು ರಸ್ತೆ ಮಾಡುವ ಯೋಜನೆಯನ್ನು ‘ವಾಷಿಂಗ್ಟನ್ ಪೋಸ್ಟ್’ 1954ರಲ್ಲಿ ಬೆಂಬಲಿಸಿದಾಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಪತ್ರಿಕೆಯ ಸಂಪಾದಕರನ್ನೇ ತಮ್ಮೊಂದಿಗೆ ನಡೆಯಲು ಕರೆದರು. 297 ಕಿ.ಮೀ. ದೂರವನ್ನು ಎಂಟು ದಿನ ನಡೆದು ಪೂರ್ತಿ ಮುಗಿಸಿದವರು ಒಂಬತ್ತು ಮಂದಿ. ಪತ್ರಿಕೆ ನಿಲುವು ಬದಲಿಸಿತು; 1971ರಲ್ಲಿ ಕಾಲುವೆ ರಾಷ್ಟ್ರೀಯ ಉದ್ಯಾನವಾಯಿತು. ಅದರ ತುದಿಯಾದ ಕಂಬರ್ಲೆಂಡಿನಿಂದ ಪಿಟ್ಸ್‌ಬರ್ಗಿಗೆ ಹಳೆಯ ರೈಲುದಾರಿಯ ಮೇಲೆ ಇನ್ನೊಂದು 240 ಕಿ.ಮೀ. ಹಾದಿಯಿದೆ. ಅದರ ಮೊದಲ ತುಂಡು ತೆರೆದದ್ದು 1986ರಲ್ಲಿ, ಪೂರ್ತಿಯಾದದ್ದು 2013ರಲ್ಲಿ. ಬಿಟ್ಟುಹೋದ ಜಾಗಗಳನ್ನು ಸೇರಿಸಿಕೊಳ್ಳುವುದಕ್ಕೆ ಒಂದು ತಲೆಮಾರೇ ಹಿಡಿಯಿತು.

ಯೂರೋಪಿನ ಮುಖ್ಯಭೂಮಿ ತಡವಾಗಿ ಬಂದರೂ ತಿಳಿದುಕೊಂಡು ಬಂತು. ಸ್ಪೇನ್ 1993ರಲ್ಲಿ ತನ್ನ ಸುಮಾರು 7,600 ಕಿ.ಮೀ. ಪಾಳು ಮಾರ್ಗಗಳ ಲೆಕ್ಕ ಹಾಕಿ, ರೈಲ್ವೆ ಪ್ರತಿಷ್ಠಾನದ ಮೂಲಕ ‘ವಿಯಾಸ್ ವೆರ್ದೆಸ್’, ಅಂದರೆ ಹಸಿರು ಹಾದಿಗಳ ಯೋಜನೆ ಆರಂಭಿಸಿತು. ಇವತ್ತು 3,000 ಕಿ.ಮೀ. ಮೀರಿದ ಆ ಜಾಲದಲ್ಲಿ ಆಂಡಲೂಸಿಯಾದ ಸಿಯೆರ್ರಾ ಹಾದಿ ವಿಶೇಷವಾದದ್ದು: 36 ಕಿಲೋಮೀಟರಿನಲ್ಲಿ ಮೂವತ್ತು ಸುರಂಗ, ಒಮ್ಮೆಯೂ ರೈಲು ಓಡಲಿಲ್ಲ. ಕಟ್ಟುತ್ತಿದ್ದಂತೆಯೇ ಕೈಬಿಟ್ಟ ಆ ಮಾರ್ಗದ ನಿಲ್ದಾಣಗಳು ಮೊದಲ ಪ್ರಯಾಣಿಕರಾಗಿ ಕಂಡದ್ದು ಸೈಕಲ್ ಸವಾರರನ್ನೇ. ಇನ್ನೂ ವಿಚಿತ್ರವಾದದ್ದು ವೆನ್‌ಬಾನ್. ಜರ್ಮನಿಯ ಆಹೆನ್‌ನಿಂದ ಬೆಲ್ಜಿಯಂ ಹಾದು ಲಕ್ಸೆಂಬರ್ಗಿಗೆ ಹೋಗುವ ಈ 125 ಕಿ.ಮೀ. ಮಾರ್ಗದ ಬಹುಭಾಗದ ನೆಲವನ್ನು ಮೊದಲ ಮಹಾಯುದ್ಧದ ನಂತರ ವರ್ಸೈಲ್ಸ್ ಒಪ್ಪಂದ ಬೆಲ್ಜಿಯಂಗೆ ಕೊಟ್ಟಿತು. ಅದರಿಂದಾಗಿ ಹಳಿಯ ಪಶ್ಚಿಮಕ್ಕಿದ್ದ ಜರ್ಮನ್ ಊರುಗಳು ಸುತ್ತಲೂ ಬೆಲ್ಜಿಯಂ ಇರುವ ದ್ವೀಪಗಳಾದವು. ಹಳಿ ಹೋದರೂ ಗಡಿ ಹೋಗಲಿಲ್ಲ. ಒಂದು ಹಳಿದಾರಿ ಹರಿಯದೆ ಉಳಿಯಲು ಅಂತರರಾಷ್ಟ್ರೀಯ ಒಪ್ಪಂದವೇ ಕಾವಲು ನಿಂತ ಇಂಥ ಉದಾಹರಣೆ ನನಗೆ ತಿಳಿದಂತೆ ಇನ್ನೊಂದಿಲ್ಲ.

ರೈಲಿನ ಪ್ರೇಮಿಗಳಿಂದ ಬರುವ ಆಕ್ಷೇಪ ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುತ್ತದೆ: ಸೈಕಲ್ ಹಾದಿ ಮಾಡಿದರೆ ಮುಂದೆ ರೈಲು ಬರುವ ಆಸೆಗೆ ಅಲ್ಲೇ ಕಲ್ಲು ಬಿದ್ದಂತೆ, ಹಾದಿಗೆ ಒಗ್ಗಿದ ಜನ ಅದನ್ನು ಬಿಟ್ಟುಕೊಡುವುದಿಲ್ಲ. ಇದರಲ್ಲಿ ನಿಜವಿದೆ. 2008ರಲ್ಲಿ ಬ್ರಿಸ್ಟಲ್–ಬಾತ್ ಹಾದಿಯ ಒಂದು ಭಾಗದಲ್ಲಿ ಬಸ್ ಓಡಿಸುವ ಪ್ರಸ್ತಾಪ ಬಂದಾಗ ಜನ ಅದನ್ನು ವಿರೋಧಿಸಿ ನಿಲ್ಲಿಸಿದರು. ಆದರೆ ಹಾದಿಯಾಗದಿದ್ದರೆ ಆ ನೆಲ ರೈಲಿಗಾಗಿ ಕಾಯುತ್ತ ಕೂತಿರುತ್ತಿತ್ತೇ? ಸ್ಕಾಟ್ಲೆಂಡಿನಲ್ಲಿ 1969ರಲ್ಲಿ ಮುಚ್ಚಿದ ವೇವರ್ಲಿ ಮಾರ್ಗದ ಸುಮಾರು 48 ಕಿ.ಮೀ. ಭಾಗ 2015ರಲ್ಲಿ ಮತ್ತೆ ತೆರೆಯಿತು. ಆಗ ನಿಜವಾದ ತೊಡಕಾದದ್ದು ಹಳಿಯ ಜಾಗದಲ್ಲಿ ಎದ್ದಿದ್ದ ಕಟ್ಟಡಗಳು ಮತ್ತು ಅದನ್ನು ಕತ್ತರಿಸಿಕೊಂಡು ಹೋಗಿದ್ದ ಎಡಿನ್‌ಬರೋದ ಬೈಪಾಸ್ ರಸ್ತೆ. ಸೈಕಲ್ ಹಾದಿಯನ್ನು ಪಕ್ಕಕ್ಕೆ ಸರಿಸಬಹುದು, ಮನೆಗಳ ಸಾಲನ್ನು ಸರಿಸುವುದು ಹಾಗಲ್ಲ. ಕಂಬ್ರಿಯಾದ ಗ್ರೇಟ್ ಮಸ್‌ಗ್ರೇವ್ ಎಂಬಲ್ಲಿ 2021ರಲ್ಲಿ ಹಳೆಯ ರೈಲುಸೇತುವೆಯೊಂದರ ಕಮಾನಿನ ಕೆಳಗೆ ಸುರಕ್ಷತೆಯ ಹೆಸರಿನಲ್ಲಿ ಜಲ್ಲಿ, ಕಾಂಕ್ರೀಟು ಸುರಿದು ತುಂಬಿಬಿಟ್ಟರು. ರೈಲಿನ ಪರ ಇದ್ದವರೂ ಹಾದಿಯ ಪರ ಇದ್ದವರೂ ಒಟ್ಟಿಗೆ ದನಿಯೆತ್ತಿದರು, ಸ್ಥಳೀಯ ಆಡಳಿತ ಅನುಮತಿ ನಿರಾಕರಿಸಿತು, 2023ರಲ್ಲಿ ತುಂಬಿದ್ದನ್ನೆಲ್ಲ ಅಗೆದು ತೆಗೆಯಬೇಕಾಯಿತು. ಇವರಿಬ್ಬರ ಹಿತ ಒಂದೇ ಎಂಬುದು ಅಲ್ಲಿ ಎಲ್ಲರಿಗೂ ಕಂಡಿತು.

ಇದೆಲ್ಲ ಉಳ್ಳವರ ವಾರಾಂತ್ಯದ ವಿಹಾರ ಎನ್ನುವವರಿಗೆ ಮಿನಿಯಾಪೊಲಿಸ್‌ನ ಮಿಡ್‌ಟೌನ್ ಗ್ರೀನ್‌ವೇ ತೋರಿಸಬಹುದು. ರೈಲು ರಸ್ತೆಗಳಿಗೆ ಅಡ್ಡ ಬರದಿರಲೆಂದು 1910ರ ದಶಕದಲ್ಲಿ ತೋಡಿದ ಕಂದಕದೊಳಗೆ ಬಹುದೂರ ಸಾಗುವ ಸುಮಾರು 9 ಕಿ.ಮೀ. ಉದ್ದದ ಈ ಹಾದಿಯನ್ನು ಹಿಮದ ಕಾಲದಲ್ಲೂ ಗುಡಿಸಿ ತೆರೆದಿಡುತ್ತಾರೆ, ಜನ ಕೆಲಸಕ್ಕೆ ಹೋಗುವುದೇ ಅದರಲ್ಲಿ. ಆದರೂ ಆಕ್ಷೇಪ ಪೂರ್ತಿ ಸುಳ್ಳಲ್ಲ. ಷಿಕಾಗೋದಲ್ಲಿ 2015ರಲ್ಲಿ ತೆರೆದ ಬ್ಲೂಮಿಂಗ್‌ಡೇಲ್ ಹಾದಿಯ ಪಶ್ಚಿಮ ಭಾಗದಲ್ಲಿ ಮನೆಬೆಲೆ ಏರಿ ಹಳೆಯ ನಿವಾಸಿಗಳು ಜಾಗ ಬಿಡುವಂತಾಯಿತು. ಅಲ್ಲಿ ಮನೆ ಕೆಡವುವವರ ಮೇಲೆ ನಗರಾಡಳಿತ ಹೆಚ್ಚುವರಿ ಶುಲ್ಕ ಹಾಕಿದ್ದು 2021ರಲ್ಲಿ. ಹಾದಿಯ ನಕ್ಷೆ ತಯಾರಾದ ದಿನವೇ ಮಾಡಬೇಕಿದ್ದ ಕೆಲಸ ಅದು. ಕಿರಿದಾದ ಕಾಲುವೆದಂಡೆಗಳಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ಆಗುವ ಜಟಾಪಟಿಯೂ ನಿಜ. ಎರಡು ಮೀಟರೂ ಇಲ್ಲದ ಕಡೆ ವೇಗದ ಸವಾರರು ರಸ್ತೆ ಹಿಡಿಯುವುದೇ ಸರಿ.

ನಮ್ಮಲ್ಲಿ ಪರಿಸ್ಥಿತಿ ಬೇರೆ. 1992ರ ಯುನಿಗೇಜ್ ಯೋಜನೆಯಿಂದ ಮೀಟರ್‌ಗೇಜ್ ಮಾರ್ಗಗಳು ಮುಚ್ಚಿದರೂ ಹಾಸನ–ಮಂಗಳೂರು, ಶಿವಮೊಗ್ಗ–ತಾಳಗುಪ್ಪದಂಥ ಕಡೆ ಅದೇ ಜಾಡಿನ ಮೇಲೆ ಬ್ರಾಡ್‌ಗೇಜ್ ಬಂತು. ರೈಲೇ ಮರಳಿ ಬಂದರೆ ಅದಕ್ಕಿಂತ ಒಳ್ಳೆಯದೇನಿದೆ? ನಾಲೆಗಳ ವಿಷಯದಲ್ಲೂ ವಿದೇಶದ ಮಾದರಿಯನ್ನು ಹಾಗೇ ತರಲಾಗದು. ಅಲ್ಲಿಯವು ದೋಣಿಗಾಗಿ ತೋಡಿದ ನಿಂತ ನೀರಿನ ಕಾಲುವೆಗಳು, ನಮ್ಮವು ರಭಸದಲ್ಲಿ ಹರಿದು ಗದ್ದೆಗೆ ನೀರುಣಿಸುವಂಥವು. 2018ರಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ವಿ.ಸಿ. ನಾಲೆಗೆ ಬಸ್ಸು ಉರುಳಿ 30 ಮಂದಿ ಸತ್ತರು. ತಡೆಗೋಡೆಯಿಲ್ಲದ ಏರಿಯ ಮೇಲೆ ಸೈಕಲ್ ಹಾದಿ ಎಂದು ಬೋರ್ಡು ನೆಡುವುದು ಅಪರಾಧವಾದೀತು. ಆದರೆ ಜೋಡಿಹಳಿ ಹಾಕುವ ಡಬ್ಲಿಂಗ್ ಕಾಮಗಾರಿಗಳಲ್ಲಿ ತಿರುವು ನೇರ ಮಾಡುವಾಗ ಹಳೆಯ ಜಾಡಿನ ತುಂಡುಗಳು ಅಲ್ಲಲ್ಲಿ ಉಳಿಯುತ್ತವೆ. ನೆಲ ರೈಲ್ವೆಯದೇ ಆದ್ದರಿಂದ ಅಮೆರಿಕದ ಒಡೆತನದ ತಕರಾರು ಇಲ್ಲಿ ಅಷ್ಟಾಗಿ ಏಳುವುದಿಲ್ಲ. ಖಾಲಿ ಜಮೀನಿನಿಂದ ಆದಾಯ ತೆಗೆಯಲು ರೈಲ್ವೆಗೆ ರೈಲ್ ಭೂಮಿ ಅಭಿವೃದ್ಧಿ ಪ್ರಾಧಿಕಾರವಿದೆ. ಇನ್ನು ಬೇಕಾದದ್ದು 1983ರ ಆ ತಿದ್ದುಪಡಿಯಂಥ ಒಂದು ಕಲಂ: ಹಳಿ ಕೀಳುವ ಟೆಂಡರ್ ಕರೆಯುವ ಮೊದಲೇ ಜಾಡಿನ ಪೂರ್ತಿ ಉದ್ದವನ್ನು ಒಂದೇ ಘಟಕವಾಗಿ ದಾಖಲಿಸಿ, ಪಂಚಾಯಿತಿಗೋ ನಗರಸಭೆಗೋ ಹಾದಿಗಾಗಿ ಗುತ್ತಿಗೆ ಕೊಡಲು ಅವಕಾಶ ಮಾಡಿ, ರೈಲಿಗೆ ಬೇಕಾದ ದಿನ ಹಿಂಪಡೆಯುವ ಹಕ್ಕನ್ನು ರೈಲ್ವೆಯ ಬಳಿಯೇ ಉಳಿಸುವಂಥದ್ದು.