ಎರಡು ಮೇಜರ್, ಮೂರು ವರ್ಷ: ರಾರಾವಿ ಸೀಮೆಯ ಪದವಿ ಓದು

ಪದವಿಗೆ ಎಷ್ಟು ವಿಷಯ, ಎಷ್ಟು ವರ್ಷ ಎಂಬುದನ್ನು ಬಳ್ಳಾರಿ ಜಿಲ್ಲೆಯಲ್ಲಿ ಬಹುಕಾಲ ನಿರ್ಧರಿಸಿದ್ದು ವಿಶ್ವವಿದ್ಯಾಲಯ. ವಿದ್ಯಾರ್ಥಿಯ ಕೈಗೆ ಆ ಆಯ್ಕೆ ಬಂದದ್ದು ತೀರ ಈಚೆಗೆ, ಅದೂ ಕೆಲವೇ ವರ್ಷಗಳ ಮಟ್ಟಿಗೆ.

ಸಿರುಗುಪ್ಪ ತಾಲ್ಲೂಕಿನ ರಾರಾವಿ ವೇದಾವತಿ ಅಥವಾ ಹಗರಿ ಹೊಳೆಯ ಸೀಮೆಯ ಊರು. ಇಡೀ ಜಿಲ್ಲೆ 1800ರಿಂದ ಮದ್ರಾಸ್ ಆಡಳಿತದಲ್ಲಿತ್ತು. 1857ರಲ್ಲಿ ಸ್ಥಾಪನೆಯಾದ ಮದ್ರಾಸ್ ವಿಶ್ವವಿದ್ಯಾಲಯದ ಕಟ್ಟಳೆಯೇ ಇಲ್ಲಿನ ಓದಿಗೂ ಕಟ್ಟಳೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಎರಡು ವರ್ಷದ ಇಂಟರ್‌ಮೀಡಿಯೆಟ್ ಮುಗಿಸಿದವರು ಇನ್ನೆರಡು ವರ್ಷ ಓದಿ ಬಿ.ಎ. ಪಡೆಯುತ್ತಿದ್ದರು. ಒಂದೇ ವಿಷಯವನ್ನು ಆಳವಾಗಿ ಓದಬೇಕೆಂದವರಿಗೆ ಮೂರು ವರ್ಷದ ಆನರ್ಸ್ ಇತ್ತು. ಬೇಗ ಮುಗಿಸುವುದೋ, ಒಂದು ವರ್ಷ ಹೆಚ್ಚು ಓದುವುದೋ ಎಂಬ ಪ್ರಶ್ನೆ ಆಗಲೂ ಇತ್ತು. ಆದರೆ ಕಾಲೇಜೇ ದೂರ. ಸೀಮೆಯವರಿಗಾಗಿ 1916ರಲ್ಲಿ ಅನಂತಪುರದಲ್ಲಿ ಸೀಡೆಡ್ ಡಿಸ್ಟ್ರಿಕ್ಟ್ಸ್ ಕಾಲೇಜು ಆರಂಭವಾಯಿತು. ಬಳ್ಳಾರಿಯಲ್ಲಿ ವೀರಶೈವ ಕಾಲೇಜು ತೆರೆದದ್ದು 1945ರಲ್ಲಿ.

1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಸಿರುಗುಪ್ಪವೂ ಸೇರಿ ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1948–49ರ ರಾಧಾಕೃಷ್ಣನ್ ಆಯೋಗ ಶಿಫಾರಸು ಮಾಡಿದ್ದ ಮೂರು ವರ್ಷದ ಪದವಿ ಮುಂದೆ ಎಲ್ಲೆಡೆ ನೆಲೆಯಾಯಿತು. ಜಿಲ್ಲೆಯ ಕಾಲೇಜುಗಳು 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಗೆ, 2010ರಲ್ಲಿ ಬಳ್ಳಾರಿಯಲ್ಲೇ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು. ವಿಶ್ವವಿದ್ಯಾಲಯ ಬದಲಾದರೂ ಓದಿನ ಚೌಕಟ್ಟು ಬದಲಾಗಲಿಲ್ಲ: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಸೇರಿದ ಎಚ್‌ಇಪಿ, ವಿಜ್ಞಾನದವರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಸಿಎಂ ಅಥವಾ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಸಿಬಿಝಡ್. ಮೂರು ಐಚ್ಛಿಕ ವಿಷಯ, ಮೂರು ವರ್ಷ.

ಈ ಚೌಕಟ್ಟು ಸಡಿಲಗೊಂಡದ್ದು 2021–22ರಲ್ಲಿ, ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಯಾದಾಗ. ಮೊದಲ ಎರಡು ವರ್ಷ ಎರಡು ಮುಖ್ಯ ವಿಷಯಗಳ ಓದು. ಮೂರನೆಯ ವರ್ಷದಲ್ಲಿ ಎರಡನ್ನೂ ಮೇಜರ್ ಆಗಿ ಉಳಿಸಿಕೊಳ್ಳಬಹುದಿತ್ತು, ಇಲ್ಲವೇ ಒಂದನ್ನು ಮೈನರ್ ಮಾಡಬಹುದಿತ್ತು. ಒಂದು ವರ್ಷಕ್ಕೆ ನಿಲ್ಲಿಸಿದರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಎರಡು ಮೇಜರ್ ಓದುವುದೋ, ಬೇಗ ಹೊರಬರುವುದೋ ಎಂಬುದು ಹಳ್ಳಿಯ ಮನೆಯಲ್ಲೂ ಕೂತು ಯೋಚಿಸಬೇಕಾದ ವಿಷಯವಾಯಿತು.

ರಾಜ್ಯ ಸರ್ಕಾರ 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚಿಸಿತು. ಅದರ ಮಧ್ಯಂತರ ವರದಿಯನ್ನು ಆಧರಿಸಿ, 2024ರ ಮೇ ತಿಂಗಳ ಆದೇಶದಂತೆ 2024–25ರಿಂದ ಮೂರು ವರ್ಷದ ಪದವಿ ಮರಳಿತು. ಹಿಂದಿನ ನೀತಿಯಡಿ ಸೇರಿದ್ದವರಿಗೆ ನಾಲ್ಕನೆಯ ವರ್ಷದ ಅವಕಾಶ ಉಳಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಮತ್ತೊಂದು ದಾರಿಗೆ ಒಪ್ಪಿಗೆ ಕೊಟ್ಟಿತು: ಹೆಚ್ಚು ಕ್ರೆಡಿಟ್ ಗಳಿಸಬಲ್ಲವರು ಮೂರು ವರ್ಷದ ಪದವಿಯನ್ನು ಐದು ಸೆಮಿಸ್ಟರ್‌ಗಳಲ್ಲೇ ಮುಗಿಸಬಹುದು. ಇದು ಶೇ. 10ರಷ್ಟು ವಿದ್ಯಾರ್ಥಿಗಳಿಗೆ ಸೀಮಿತ.

ವಿಷಯ ಹೆಚ್ಚಿಸುವುದಾಗಲಿ, ಅವಧಿ ಇಳಿಸುವುದಾಗಲಿ ಅದಷ್ಟಕ್ಕೇ ಮೇಲಲ್ಲ. ಸ್ನಾತಕೋತ್ತರ ಓದಿಗೆ ಹೋಗುವವರಿಗೆ ಹಿಡಿದ ವಿಷಯದ ಆಳ ಮುಖ್ಯ. ಮನೆಯ ಖರ್ಚು ಹೊರಬೇಕಾದವರಿಗೆ ಆರು ತಿಂಗಳ ಉಳಿತಾಯವೂ ದೊಡ್ಡದು. ಎರಡೂ ದಾರಿಗಳನ್ನು ತೆರೆದಿಡುವ ವ್ಯವಸ್ಥೆಯೇ ನ್ಯಾಯವಾದದ್ದು.