ಪುರುಷ ಜನನಾಂಗದ ನಡುಗೆರೆಯ ಗಂಟು: ಸಾರ್ವಜನಿಕರಿಗೆ ಮಾಹಿತಿ

ಶಿಶ್ನದ ತುದಿಯಿಂದ ವೃಷಣಚೀಲದ ಮೂಲಕ ಗುದದ್ವಾರದವರೆಗೆ ಚರ್ಮದ ಮೇಲೆ ಒಂದು ನಡುಗೆರೆ ಇರುತ್ತದೆ. ಈ ಗೆರೆಯ ಮೇಲೆ ವಿರಳವಾಗಿ ಕಂಡುಬರುವ, ದ್ರವ ತುಂಬಿದ ಸಣ್ಣ ಗಂಟಿಗೆ ವೈದ್ಯರು ‘ಮೀಡಿಯನ್ ರೇಫಿ ಸಿಸ್ಟ್’ ಎನ್ನುತ್ತಾರೆ.

ಕಾರಣ: ಭ್ರೂಣಾವಸ್ಥೆಯಲ್ಲಿ ಜನನಾಂಗದ ಮಡಿಕೆಗಳು ಕೂಡಿಕೊಳ್ಳುವಾಗ ಉಂಟಾಗುವ ಲೋಪ. ಹುಟ್ಟಿನಿಂದಲೇ ಇದ್ದರೂ ಯೌವನದಲ್ಲಿ ಗಮನಕ್ಕೆ ಬರಬಹುದು. ಇದು ಲೈಂಗಿಕ ರೋಗವಲ್ಲ, ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ, ಕ್ಯಾನ್ಸರ್ ಅಲ್ಲ.

ಲಕ್ಷಣಗಳು: ಸಾಮಾನ್ಯವಾಗಿ ನೋವಿರುವುದಿಲ್ಲ. ಸೋಂಕು ತಗುಲಿದಲ್ಲಿ ಊತ, ನೋವು, ಕೀವು ಕಾಣಿಸಿಕೊಳ್ಳಬಹುದು.

ಚಿಕಿತ್ಸೆ: ತೊಂದರೆಯಿಲ್ಲದಿದ್ದಲ್ಲಿ ವೈದ್ಯರ ಸಲಹೆಯಂತೆ ಹಾಗೆಯೇ ಬಿಡಬಹುದು. ಅಗತ್ಯವಿದ್ದಲ್ಲಿ ಸಣ್ಣ ಶಸ್ತ್ರಚಿಕಿತ್ಸೆಯಿಂದ ಪೂರ್ಣವಾಗಿ ತೆಗೆಯಲಾಗುತ್ತದೆ.

ಗಮನಿಸಿ: ಗಂಟನ್ನು ಹಿಸುಕಬಾರದು, ಚುಚ್ಚಬಾರದು. ವೃಷಣದಲ್ಲಿಯೇ ಗಟ್ಟಿ ಗಂಟು ಕಂಡುಬಂದಲ್ಲಿ ಅದು ಬೇರೆ ಕಾಯಿಲೆಯಾಗಿರಬಹುದು. ವಿಳಂಬ ಮಾಡದೆ ಪರೀಕ್ಷಿಸಿಕೊಳ್ಳಬೇಕು. ಸಂಕೋಚಪಡದೆ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಸಂಪರ್ಕಿಸಲು ಕೋರಲಾಗಿದೆ.